ಇನ್ನೊಂದ್ ಸಲ

ಅಪ್ಪನ ಸ್ಟುಡಿಯೋದಾಗ ಎಲ್ಲಾರೂ ಉಸಿರು ಹಿಡದು ನಿಲ್ಲತಿದ್ರು.
ಗದ್ದ ಎತ್ರಿ. ಸೆರಗ ಸರಿ ಮಾಡ್ರಿ. ಒಂದು, ಎರಡು,
ಮೂರು ಅನ್ನೂದರಾಗ ಬೆಳಕು ಬಡೀತಿತ್ತು.
ಶಹಾಬಾದಿನ ಅರ್ಧ ಗಂಡಾ ಹೆಂಡತಿ
ಒಂದ ಹಸರ ಪರದೆ ಮುಂದ, ಒಂದ ಕುರ್ಚಿ ಮ್ಯಾಲ
ಕುಂತು ಎದ್ದವರು.

ನಾ ಹಂಗಲ್ಲ. ನಾ ಕ್ಯಾಂಡಿಡ್.
"ಕ್ಯಾಂಡಿಡೇಟಾ?" ಅಂದ್ರು ಬೀಗರ ಪೈಕಿ ಮುದುಕರು,
"ಯಾವ ವಾರ್ಡಿಗೆ ನಿಂತೀಯವ್ವ?"
ನಿಂತಿಲ್ರಿ ಅಜ್ಜಾರ. ಯಾರನ್ನೂ ನಿಲ್ಲಸೂದೂ ಇಲ್ಲ.
ಅದೇ ನನ್ನ ಕೆಲಸ.

ಮೇ ತಿಂಗಳು. ಫಂಕ್ಷನ್ ಹಾಲಿನ ಅಂಗಳದ ಪರಸಿ
ಕಾದ ಹಂಚು; ಅಂಗಾಲು ಎತ್ತಿ ಎತ್ತಿ ಇಡತಿದ್ದೆ.
ಸುರಗಿ ನೂಲಿನ ಒಳಗ ಕುಂತ ಭಾಗ್ಯವಂತಿ ಆಕಳಿಸಿದ್ದು,
ಮದುಮಗ ಬಾಸಿಂಗ ಸರಿಸಿ ಕ್ರಿಕೆಟ್ ಸ್ಕೋರ್ ಕೇಳಿದ್ದು,
ಅಕ್ಕಿಕಾಳು ಸ್ವಾಮಿಗಳ ಕನ್ನಡಕಕ್ಕ ಬಡದದ್ದು,
ಸಿಕ್ಕಿತು, ಎಲ್ಲಾ ಸಿಕ್ಕಿತು.
ಒಂದು ಸಿಗಲಿಲ್ಲ.

ಹಿಂದಿನ ಕೋಣ್ಯಾಗ ನಿಂಬೆಮ್ಮ ಕಾಕಿ,
ಹುಗ್ಗಿಗಂತ ಬೆಲ್ಲ ಕುಟ್ಟಿ ಮೊಳಕೈ ತನಕ ಅಂಟು.
ಹೊರಗ ಮೈಕಿನಾಗ ಆಯೇರಿ ಓದತಿದ್ರು:
ವಾಡಿ ಗುರಲಿಂಗಪ್ಪ, ಒಂದು ಸಾವಿರದ ಒಂದು.
ನಿಂಬೆಮ್ಮ ಗಂಡ ಶಾಂತಪ್ಪ, ತೊನಸನಹಳ್ಳಿ,
ಐದುನೂರಾ ಒಂದು.
ಕಾಕಿ ಕೊಟ್ಟದ್ದು ನೂರಾ ಒಂದು.

ನಕ್ಕಳು.
ಮ್ಯಾಲಿನ ಸಾಲಿನಾಗ ಒಂದು ಹಲ್ಲಿಲ್ಲದ ಬಾಯಿ ಪೂರಾ ತೆಗೆದು,
ಮುಚ್ಚಲಾಕ ಬಂದ ಕೈ ಬೆಲ್ಲ ನೋಡಿ
ಅರ್ಧಕ್ಕ ನಿಂತು.
ಒತ್ತಿದೆ. ಫೋಕಸ್ ಹೋಗಿ ಹಿಂದಿನ ಹಂಡೆ ಮ್ಯಾಲ ಕುಂತಿತ್ತು.

"ಕಾಕಿ, ಇನ್ನೊಂದ್ ಸಲ."
ಬಾಯಿಂದ ಬಿದ್ದೇ ಬಿಟ್ಟಿತು. ಥೇಟ್ ಅಪ್ಪನ ದನಿ.
"ನಗಿ ಏನು ನಳದ ನೀರಾ, ಮೆಹಬೂಬಸಾಬರ ಮಗಳೇ,
ತಿರುವಿದ್ರ ಬರಲಾಕ?"
ಅಂದವಳು ತನ್ನ ಮಾತಿಗೆ ತಾನೇ ಮತ್ತ ನಕ್ಕಳು.
ಈ ಸಲ ಮುಖ ಚೊಕ್ಕ.

ಸ್ಪರ್ಧೆಯ ಅರ್ಜಿಯಾಗ ಒಂಬತ್ತನೇ ನಿಯಮ:
"ಚಿತ್ರದಲ್ಲಿರುವವರಿಗೆ ಯಾವುದೇ ಸೂಚನೆ ನೀಡಿರುವುದಿಲ್ಲ."
ಅದರ ಮುಂದ ಒಂದು ಸಣ್ಣ ಚೌಕ.
ರಾತ್ರಿ ಎರಡರ ತನಕ ಆ ಚೌಕದ ಹೊಸ್ತಿಲಾಗ ಕುಂತೆ.
ನಗು ಅಂತ ಹೇಳಿದೆನೇನು? ಹೇಳಿದೆ.
ಹೇಳಿದ್ದಕ್ಕ ನಕ್ಕಳೇನು?
ಇಲ್ಲ, ಹೇಳಿದ ನನ್ನ ನೋಡಿ ನಕ್ಕಳು.
ಇದಕ್ಕಂತ ಬ್ಯಾರೆ ಚೌಕ ಇರಲಿಲ್ಲ.
ಗುರುತು ಹಾಕಿದೆ.

ಎರಡನೇ ಬಹುಮಾನ ಬಂತು. ತೀರ್ಪುಗಾರರ ಷರಾ:
"ಕ್ಯಾಮೆರಾದ ಅರಿವೇ ಇಲ್ಲದ ಅಪ್ಪಟ ಕ್ಷಣ."
ಅಪ್ಪ ಪ್ರಮಾಣಪತ್ರದ ಅಂಚು ಸವರಿ
"ಕಾಗದ ಛಲೋ ಅದ" ಅಂದ. ಮತ್ತೇನೂ ಕೇಳಲಿಲ್ಲ,
ನಲವತ್ತು ವರ್ಷ ಮೂರರ ತನಕ ಎಣಿಸಿದವ.

ತೊನಸನಹಳ್ಳಿಗೆ ಒಯ್ದು ತೋರಿಸಿದೆ.
"ಈ ಹಲ್ಲಿನ ಸಂದಿ ಜಗತ್ತಿಗೆಲ್ಲ ತೋರಿಸಿ ಬಂದ್ಯಾ?" ಅಂತ
ಕಾಕಿ ಫೋನಿನ ಮ್ಯಾಲ ಬೆರಳು ಎಳದಳು, ಇನ್ನೊಮ್ಮೆ ಎಳದಳು,
ಅಳಸಬೇಕಂತ ಮರತ ಆ ಮಸಕು ಫೋಟೋ ಬಂತು.
"ತಡಿ. ತಡಿ. ನಮ್ಮ ಹಂಡೆ!"

ಮದುವಿ ಮರುದಿನದಿಂದ ಕಾಣವಲ್ಲದು ಅದು.
ತಮ್ಮದಂತ ಬೀಗರು ಗಾಡ್ಯಾಗ ಹಾಕ್ಕೊಂಡು ಹೋಗ್ಯಾರ.
ಕೊರಳಿಗೆ ಚುಕ್ಕಿ ಚುಕ್ಕಿ ಕೆತ್ತಿದ ಹೆಸರು
ಈಗ ಇಲ್ಲಿ ಓದಲಾಕ ಬರ್ತದ:
ಶಾಂ. ಗು. ತೊನಸನಹಳ್ಳಿ, ೧೯೮೭.
"ಇದನ್ನ ದೊಡ್ಡದು ಮಾಡಿ ಕೊಡು. ಆ ಬಹುಮಾನದ್ದು ನೀನೇ ಇಟಗೋ."

ಹನ್ನೆರಡು ಹದಿನೆಂಟು ಮಾಡಿಸಿದೆ.
ಅಕ್ಷರ ಅಕ್ಷರ ನಿಂತ ಹಂಡೆ. ಅದರ ಮುಂದ
ನೂರಾ ಒಂದು ಕೊಟ್ಟು ಐದುನೂರಾ ಒಂದು ಕೇಳಿದ ಮುಖ,
ಒಲಿ ಹೊಗಿ ಹಂಗ,
ಯಾರದಂತ ಹೇಳಲಾಕ ಬರದಂಗ ನಗಲಾಕ ಹತ್ಯಾದ.

ನಾಳೆ ಮೊದಲನೇ ಬಸ್ಸಿಗೆ ಕಾಕಿ ಅದನ್ನ ಬೀಗರ ಊರಿಗೆ ಒಯ್ಯತಾಳ.
ಆಧಾರ್ ಕಾರ್ಡ್ ತಗೊಂಡು ಸ್ಟ್ಯಾಂಡಿಗೆ ಬಾ ಅಂದಾಳ.
ನೀನೂ ಬೇಕು,
ಸಾಕ್ಷಿಗೆ.