ತೊಂಬತ್ತೊಂಬತ್ತು ಅಂದರೆ ಗೊತ್ತಿಲ್ಲ

ಹಾಸನದ ಬಿ.ಎಂ. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ
ನೂರಾ ಹನ್ನೆರಡು ಪುಟ, ಸ್ಪೈರಲ್ ಬೈಂಡಿಂಗ್.
ಹುಡುಗ ಕೇಳಿದ: ಯಾವ ಪರೀಕ್ಷೆಗೆ ಮೇಡಂ?
ಪರೀಕ್ಷೆಯೇ ಅಂದೆ, ಬರೆದದ್ದು ಮಾತ್ರ ದೇಶಗಳು.

ಒಂದು ಸಾಲಿಗೆ ಒಂದು ದೇಶದ ಒಂದು ಚುನಾವಣೆ.
ಮೊದಲ ದಿನ ಅಷ್ಟೇ ತಲೆಗೆ ಹತ್ತಿದ್ದು.
ಅಡ್ಡಕ್ಕೆ ಪ್ರಶ್ನೆಗಳು: ಪಟ್ಟಿಯಲ್ಲಿ ಹೆಸರು ಬಿಟ್ಟುಹೋಯಿತೆ,
ಕ್ಷೇತ್ರದ ಗಡಿ ಯಾರ ಕಡೆಗೆ ವಾಲಿಸಿ ಗೀಚಿದರು,
ಹಣ, ಪತ್ರಿಕೆ, ಎಣಿಕೆ, ಆಮೇಲಿನ ಗಲಾಟೆ.
ಉತ್ತರ ಒಂದರಿಂದ ಐದರೊಳಗೆ.
ಕೊಟ್ಟವರು ಆಯಾ ದೇಶ ಬಲ್ಲವರಂತೆ,
ಎಲ್ಲೋ ಕೂತು, ಹೆಸರಿಲ್ಲದೆ.

ಎರಡನೆಯ ದಿನ ಸರಾಸರಿ ತೆಗೆದೆ.
ಒಂದು ದ್ವೀಪಕ್ಕೆ ಐದಕ್ಕೆ ಇಪ್ಪತ್ತಮೂರು ಬಂತು!
ಕೊನೇ ವರ್ಷದ ಫರ್ಹತ್ ಬಾಯಿಗೆ ದುಪಟ್ಟ ಒತ್ತಿ ನಕ್ಕಳು:
"ತೊಂಬತ್ತೊಂಬತ್ತು ಅಂದರೆ ಗೊತ್ತಿಲ್ಲ ಅಂತ ಮೇಡಂ.
ಗೊತ್ತಿಲ್ಲದ್ದನ್ನೂ ಕೂಡಿಸಿಬಿಟ್ಟಿದ್ದೀರಿ."
ಇಪ್ಪತ್ತು ವರ್ಷದಿಂದ ರಾಜ್ಯಶಾಸ್ತ್ರ ಹೇಳುತ್ತಿದ್ದೇನೆ,
ಅದನ್ನೇ ಮಾಡುತ್ತಿದ್ದೆನೋ ಏನೋ.

ಕೆಲವು ಪ್ರಶ್ನೆ ತಲೆಕೆಳಗು, ಐದು ಬಂದರೆ ಕೇಡು.
ತಿರುವಿ ಹಾಕದೆ ಕೂಡಿಸಿದರೆ
ಕಳ್ಳನೂ ಸಂಭಾವಿತನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ.

ಗಂಟೆ ಹೊಡೆದು ಬಂದ ಅಟೆಂಡರ್ ಜವರಯ್ಯ,
ಆರು ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಚ್ಚಿದವನು,
ಪರದೆಗೆ ಬಗ್ಗಿದ:
"ನಮ್ಮ ಆಲೂರು ಕಡೇ ಬೂತು ಯಾವ ಸಾಲಲ್ಲೈತೆ?"
ದೇಶಕ್ಕೆಲ್ಲ ಸೇರಿ ಒಂದೇ ಸಾಲು, ಜವರಯ್ಯ.
"ಅಷ್ಟೂ ಜನಕ್ಕೆ?"
ಅಷ್ಟೂ ಜನಕ್ಕೆ.

ಸುಮ್ಮನಿದ್ದು, ಆಮೇಲೆ ಹೇಳಿದ:
"ಕಾಫಿ ಪಲ್ಪರಿಗೆ ಕೈ ಕೊಟ್ಟಿದ್ದ ಹೆಂಗಸು ಒಬ್ಳು ಬಂದ್ಲು.
ಎಡಗೈಲಿ ಒಂದೂ ಬೆರಳಿಲ್ಲ.
ರೂಲ್ಸ್ ಪ್ರಕಾರ ಬಲಗೈ ಕೇಳ್ದೆ.
ಆ ಮೋಟುಗೈನೇ ಮೇಜಿನ ಮೇಲೆ ಮಡಗಿ
ಊರಿಗೆಲ್ಲ ಎಡಕ್ಕೆ ಹಚ್ಚಿ ನಂಗ್ಯಾಕೆ ಬಲಕ್ಕೆ ಅಂದ್ಲು.
ಹಚ್ಚಿದೆ.
ರೂಲ್ಸಿಗೂ ಒಂದು ಗೀಟು, ಬಲಕ್ಕೆ.
ಒಬ್ಬಳಿಗೆ ಎರಡು ಗುರುತು. ತಪ್ಪಾಯ್ತಾ ಮೇಡಂ?"

ನೂರಾ ಹನ್ನೆರಡು ಪುಟ ಮಗುಚಿದೆ.
ತೊಂಬತ್ತೊಂಬತ್ತು ಹಾಕುವಂತಿಲ್ಲ, ಗೊತ್ತಿದೆಯಲ್ಲ.
ಖಾಲಿ ಬಿಟ್ಟರೆ, ಯಾರೂ ಕೇಳಿಲ್ಲವೆಂದು ಅರ್ಥ.
ಇವನು ಕೇಳಿದ್ದಾನೆ. ನಿಂತೇ ಇದ್ದಾನೆ,
ಕೊಠಡಿಯ ಬೀಗದ ಕೈ
ತೋರುಬೆರಳಿಗೆ ಸಿಕ್ಕಿಸಿಕೊಂಡು.