ಹನ್ನೆರಡನೆಯ ಸಿಗ್ನಲ್

ಬೈತಖೋಲ ಬಂದರಿನ ಕಂಬಕ್ಕೆ ಸಿಗ್ನಲ್ ಏರಿಸುವುದು ನನ್ನ ಕೆಲಸ.
ಹಗಲು ಕಪ್ಪು ಬುಟ್ಟಿ, ರಾತ್ರಿ ಕೆಂಪು ಬಿಳಿ ದೀಪ,
ಒಟ್ಟು ಹನ್ನೊಂದು ನಂಬರು.
ಒಂದೆಂದರೆ ದೂರದಲ್ಲೆಲ್ಲೋ ಸಮುದ್ರಕ್ಕೆ ಹೊಟ್ಟೆ ತೊಳಸುತ್ತಿದೆ.
ಹತ್ತೆಂದರೆ ದೇವರ ಮುಂದೆ ಕೂತುಬಿಡಿ.
ಹನ್ನೊಂದೆಂದರೆ ಹವಾಮಾನದವರ ಜತೆ ಮಾತೇ ಕಡಿದಿದೆ,
ನಮಗೂ ಏನೂ ಗೊತ್ತಿಲ್ಲ.
ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹನ್ನೊಂದು ಏರಿಸಿಲ್ಲ.
ಗೊತ್ತಿಲ್ಲ ಅನ್ನುವುದಕ್ಕೂ ಮೇಲಿನವರ ಆರ್ಡರ್ ಬೇಕು.

ಡಿಸೆಂಬರಿನ ಆ ಮಧ್ಯಾಹ್ನ ಬುಲೆಟಿನ್ ಬಂತು, ನಾಲ್ಕು ಹಾಳೆ.
ಮೊದಲನೆಯದು ಯಾವಾಗಲೂ ಬಡಗಲಿನದು:
ಬೆಟ್ಟಗಳ ಮೇಲೆ ಹಿಮಗಾಳಿ, ಬೆನ್ನಿಗೇ ಕಡುಚಳಿ,
ಮುಚ್ಚಿದ ದಾರಿ, ಸತ್ತ ಕುರಿ.
ಅದನ್ನು ನಾನು ಓದುವವನಲ್ಲ. ಮಡಚಿ
ಚಹಾ ಲೋಟದ ಕೆಳಗೆ ಇಟ್ಟೆ.
ನಮ್ಮದು ಮೂರನೆಯ ಹಾಳೆ. ವಾಯುಭಾರ ಕುಸಿತ,
ನಡುರಾತ್ರಿಯವರೆಗೆ ಬಿರುಗಾಳಿ.
ಮೂರನೆಯ ನಂಬರು ಏರಿಸಿ ಮೈಕು ಹಿಡಿದು
ಕನ್ನಡದಲ್ಲೊಮ್ಮೆ ಕೊಂಕಣಿಯಲ್ಲೊಮ್ಮೆ ಕೂಗಿದೆ.

ಸಂಜೆ ಎಣಿಸಿದರೆ ಒಂದು ದೋಣಿ ಕಡಿಮೆ.
ಘನಶ್ಯಾಮ ತಾಂಡೇಲನ ‘ಶಾಂತಾದುರ್ಗಾ’.
ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ:
ತಾಂಡೇಲ, ಅಳಿಯ ರೂಪೇಶ, ಹರಿಕಂತ್ರರ ಸೋಮಾ,
ಮತ್ತು ಕೂಲಿ ಒಬ್ಬ.

ನಡುರಾತ್ರಿ, ಹೇಳಿದ ಗಂಟೆಗೇ, ಗಾಳಿ ನಿಂತಿತು.
ಭವಿಷ್ಯ ಹೇಳಿ ಗೆದ್ದ ಜೋಯಿಸನ ಹಾಗೆ
ಬೀಗುತ್ತ ದೀಪ ಇಳಿಸಿದೆ.
ಕಂಬದ ಬುಡದಲ್ಲಿ ಕೂತಿದ್ದ ತಾಂಡೇಲನ ಹೆಂಡತಿ
‘ಮುಗೀತಾ?’ ಅಂದಳು.
‘ಮುಗೀತು ಬಾಯಿ’ ಅಂದೆ.
ಅನ್ನುವಾಗ ನನ್ನ ಬಾಯಿಂದ ಹೊಗೆಯಂಥದ್ದೇನೋ ಹೊರಟಿತು.
ನಾನು ಬೀಡಿ ಬಿಟ್ಟು ಐದು ವರ್ಷ.

ಮುಂದಿನದು ನಾನು ಕೇಳಿದ್ದು.
ಇಂಜಿನ್ ಸತ್ತು, ದೇವಗಡದ ದೀಪ ಕಾಣದಷ್ಟು ದೂರ ತೇಲಿ ಹೋಗಿದ್ದರಂತೆ.
ಗಾಳಿ ನಿಂತದ್ದೇ ಮೂವರೂ ಕೈ ಮುಗಿದು
ಒದ್ದೆ ಬಟ್ಟೆಯಲ್ಲೇ ಮಲಗಿದರು.
ತೊಳೆದಿಟ್ಟ ಹಾಗೆ ನಕ್ಷತ್ರ.
ಕೂಲಿಯವ ಮಾತ್ರ ನಾಲಿಗೆ ಚಾಚಿ ಗಾಳಿಯ ರುಚಿ ನೋಡಿದ.
‘ಹಿಮ ಬೀಳುವಾಗ ಯಾರೂ ಸಾಯುವುದಿಲ್ಲ,
ಆಕಾಶ ತಿಳಿಯಾದ ಮೇಲೆ ಹೆಣ ಎಣಿಸುತ್ತೇವೆ ನಮ್ಮಲ್ಲಿ. ಏಳಿ.’
‘ಕಾರವಾರದಲ್ಲಿ ಎಂತಾ ಹಿಮ ಮಾರಾಯ’
ರೂಪೇಶ ನಕ್ಕ. ನಗು ಹಲ್ಲಿನಲ್ಲಿ ಕಟಕಟ ಅಂದಿತು.

ಮೀನಿನ ಪೆಟ್ಟಿಗೆಯ ಐಸನ್ನೆಲ್ಲ ಅವನು ಸಮುದ್ರಕ್ಕೆ ಚೆಲ್ಲಿಸಿದ,
ಹನ್ನೆರಡು ಸಾವಿರದ ಇಸ್ವಾಣವನ್ನೂ.
ಅಂಗಿ ಬಿಚ್ಚಿಸಿ, ಗೋಣಿಯಲ್ಲಿ ಮೈ ಒರೆಸಿ,
ನಾಲ್ವರೂ ಒಳಗಿಳಿದು ತಾಡಪಾಲು ಎಳೆದುಕೊಂಡರು,
ಬುಟ್ಟಿಯಲ್ಲಿ ತಾರಲೆ ಒತ್ತಿದ ಹಾಗೆ.
ಕಣ್ಣು ಮುಚ್ಚಿದವರ ಕೆನ್ನೆಗೆ ಬಾರಿಸಿದ.
ಮಾಲೀಕನ ಕೆನ್ನೆಗೂ.

ಬೆಳಿಗ್ಗೆ ಎಳೆದು ತಂದಾಗ ನಾಲ್ವರೂ ನಾರುತ್ತಿದ್ದರು.
ತಾಂಡೇಲನ ಕೆನ್ನೆಯಲ್ಲಿ ಐದು ಬೆರಳು.

ಮೂರನೆಯ ದಿನ ಆಫೀಸಿಗೆ ಬಂದ, ಜಗಳಕ್ಕಲ್ಲ.
‘ಗಾಳಿ ಅಂದ್ರಿ, ಬಂತು.
ಆಮೇಲೆ ಬಂತಲ್ಲ, ಅದಕ್ಕೆ ಎಷ್ಟನೇ ನಂಬರು?’
ಪುಸ್ತಕ ತಿರುವಿದೆ. ಇರಲಿಲ್ಲ.
ಲೋಟ ಎತ್ತಿ ಮಡಚಿದ ಹಾಳೆ ಬಿಚ್ಚಿದೆ.
‘ಶೀತಗಾಳಿ ದಕ್ಷಿಣಕ್ಕೂ ಇಳಿಯುವ ಸಾಧ್ಯತೆ.’
ಸಾಧ್ಯತೆಯ ಸುತ್ತ ಸರಿಯಾಗಿ
ಚಹಾದ ಕಂದು ಉಂಗುರ.

ಕೂಲಿ ಒಬ್ಬ ಎಂಬುದನ್ನು ಹೊಡೆದು ಹಾಕಿ ಹೆಸರು ಕೇಳಿದೆ.
ದಿಲ್ಮಾನ್ ರೋಕಾಯ. ಊರು ನೇಪಾಳದ ಜುಮ್ಲಾ.
ಈ ಧಕ್ಕೆಗೆ ಬಂದು ಏಳು ವರ್ಷವಂತೆ.

ಈಗ ಬುಲೆಟಿನ್ ಬಂದರೆ ಅವನನ್ನು ಕರೆದು
ಮೊದಲ ಹಾಳೆ ಓದುತ್ತೇನೆ.
ಅವನೂರು ಅದರಲ್ಲಿ ಇರುವುದಿಲ್ಲ, ಅದು ಬೇರೆ ದೇಶ.
ಗಡಿಯ ಈಚೆಯ ಬೆಟ್ಟದ ಹಿಮ ಕೇಳಿಸಿಕೊಂಡು
ಬೆರಳು ಮಡಚಿ ಲೆಕ್ಕ ಹಾಕುತ್ತಾನೆ.
‘ನಾಳೆ ರಾತ್ರಿ ಅಮ್ಮನ ಮನೆಗೆ.
ನಾಡಿದ್ದು ಆಕಾಶ ತಿಳಿಯಾಗ್ತದೆ.’
ಸ್ವಲ್ಪ ಹೊತ್ತು ಸುಮ್ಮನಿದ್ದು
ಎದ್ದು
ದೋಣಿಗೆ ಐಸ್ ತುಂಬಲು ಹೋಗುತ್ತಾನೆ.