ಖಾಲಿ ಸೀಸೆ

ಔಲು ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ
ಹನ್ನೊಂದು ವರ್ಷದಿಂದ ಸೀಸೆ ತೊಳೆಯುತ್ತೇನೆ.
ಬಿಸಿನೀರು, ತಣ್ಣೀರು, ಆಮೇಲೆ ಮೂರು ಸಲ ಮೆಥನಾಲ್.
ಗಾಜಿನವಲ್ಲ. ಗಾಜಿಗೆ ಈ ವಿಷ ಅಂಟಿಕೊಳ್ಳುತ್ತದಂತೆ,
ಅದಕ್ಕೇ ಪ್ಲಾಸ್ಟಿಕ್ಕು.
ವರದಿಗಳಲ್ಲಿ ನನ್ನ ಹೆಸರು ಬರುವುದಿಲ್ಲ,
ಬಂತೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಹತ್ತು ಸೀಸೆ ಕೆರೆಗೆ ಹೋದರೆ ಜೊತೆಗೊಂದು ಖಾಲಿ ಹೋಗುತ್ತದೆ.
ಖಾಲಿ ಅಂದರೆ ಖಾಲಿಯಲ್ಲ,
ಏನೂ ಇಲ್ಲದ ನೀರು ಅದರಲ್ಲಿ.
ದಡದಲ್ಲಿ ಮುಚ್ಚಳ ತೆಗೆದು, ಗಾಳಿ ತೋರಿಸಿ,
ಹಾಗೇ ಮುಚ್ಚಿ ತರಬೇಕು,
ಸಾಕ್ಷಿಗೆಂದು ಕರೆದೊಯ್ದ ಮಗುವಿನ ಹಾಗೆ.

ಅಕ್ಟೋಬರಿನಲ್ಲಿ ಅದು ಬಾಯಿಬಿಟ್ಟಿತು.
ಗೆರೆ ಚಪ್ಪಟೆ ಇರಬೇಕಾದಲ್ಲಿ
ಇರುವೆಗೂಡಿನಷ್ಟು ದಿಬ್ಬ.
ಡಾಕ್ಟರ್ ಕೆಟ್ಟುನೆನ್ ಕನ್ನಡಕ ಹಣೆಗೇರಿಸಿದಳು.
ನಲ್ಲಿಯ ಟೇಪು ಬಿಚ್ಚಿದರು, ಕೊಳವೆ ಬದಲಿಸಿದರು,
ಇಲ್ಮಾರಿಯ ಬರ್ಗರ್ ಕಾಗದ, ಸೀರಿಯ ತುಟಿಬಣ್ಣ,
ಒಬ್ಬೊಬ್ಬರ ಮೇಲೂ ಒಂದೊಂದು ದಿನ ಗುಮಾನಿ.
ಹತ್ತನೆಯ ದಿನ ಸಿಕ್ಕಿತು:
ಬಾಗಿಲ ಪಕ್ಕದ ಗೂಟದಲ್ಲಿ
ನನ್ನ ಹಸಿರು ಮಳೆಕೋಟು.
ಮಳೆ ತಾಗದಿರಲೆಂದು ಬಳಿದದ್ದು
ಒಳಗೆ, ಸದ್ದಿಲ್ಲದೆ, ಉದುರುತ್ತಿತ್ತು.

ಯಾರೂ ಬೈಯಲಿಲ್ಲ. ಅದೇ ಕಷ್ಟವಾಯಿತು.

ಈಗ ಹಳೆಯ ಉಣ್ಣೆಕೋಟಿನಲ್ಲಿ ನೆನೆದುಕೊಂಡೇ ಬರುತ್ತೇನೆ,
ಒದ್ದೆ ಕುರಿಯ ವಾಸನೆ ಮೂರನೆಯ ಮಹಡಿಯವರೆಗೆ.

ಮೊನ್ನೆ ತೌನೋ ಬಂದಿದ್ದ,
ಹಳೆಯ ವಿಮಾನಪಟ್ಟಿಯ ಕೆಳಗಿನ ಕೆರೆಯಲ್ಲಿ
ಬಲೆ ಬಿಡುವ ಮುದುಕ. ಬೆಂಕಿ ಆರಿಸುವ ನೊರೆ
ಅಲ್ಲಿ ಹರಿದು ಬಂದಾಗ, ಹಿಮ ಬೇಗ ಬಿತ್ತಲ್ಲ
ಎಂದುಕೊಂಡಿದ್ದನಂತೆ.
ಆಗಸ್ಟಿನಲ್ಲಿ ಕೊಟ್ಟಿದ್ದ ಎರಡು ಮೀನಿನ ವಿಚಾರ ಕೇಳಿದ.
ಕೆಟ್ಟುನೆನ್ ಕಾಗದ ತೋರಿಸಿದಳು:
ಒಂದರಲ್ಲಿ ಇಷ್ಟು. ಇನ್ನೊಂದರಲ್ಲಿ ಕಾಣಲಿಲ್ಲ.
"ಅಂದರೆ ಇಲ್ಲ?"
"ಇಲ್ಲ ಅಂತಲ್ಲ. ಕಾಣಲಿಲ್ಲ."
ಅವನು ನನ್ನ ಕಡೆ ತಿರುಗಿದ.
ಆ ಕೋಣೆಯಲ್ಲಿ ಅವನಂತೆ
ಕೈ ಬಿರುಕುಬಿಟ್ಟವಳು ನಾನೊಬ್ಬಳೇ.
ಕಾಣಲಿಲ್ಲದ ಬಾಲದಲ್ಲಿ ಒಂದು ಇಲ್ಲ
ಸಿಕ್ಕಿಕೊಂಡಿರುವುದು ನಿಜ,
ಆದರೆ ಅದನ್ನು ಕತ್ತರಿಸಿ ಕೊಡುವ ಚಾಕು
ನಮ್ಮಲ್ಲಿಲ್ಲ.
"ಬೆಕ್ಕಿಗೆ ಹಾಕುತ್ತೀಯಾ?" ಅಂದೆ.
"ಅದು ಕೇಳುವುದಿಲ್ಲ, ತಿನ್ನುತ್ತದೆ."

ಹೋಗುವಾಗ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದು
ಕಾಫಿ ಕೋಣೆಯ ಮೇಜಿನ ಮೇಲಿಟ್ಟ.
ಹೊಗೆಯಲ್ಲಿ ಬೇಯಿಸಿದ್ದು. ನಿಮಗೆಲ್ಲ, ಅಂದ.
ಎಲ್ಲರೂ ಥ್ಯಾಂಕ್ಸ್ ಹೇಳಿದರು.
ಸಂಜೆ ಐದಕ್ಕೆ ಅದು ಅಲ್ಲೇ ಇತ್ತು,
ಎಣ್ಣೆ ಹೀರಿ ಅಕ್ಷರಗಳು ಪಾರದರ್ಶಕವಾಗಿದ್ದವು.

ದೀಪ ಆರಿಸುವ ಮೊದಲು
ನಿಂತುಕೊಂಡೇ ತಿಂದೆ.
ಉಪ್ಪು ಹದವಾಗಿತ್ತು.